ಕಣ್ಣಲ್ಲೇ ಕನ್ನಡ ಬರೆಯುವ ಹಲಗೆ: ಯಾವುದು ಕೊಳ್ಳಬಹುದು, ಯಾವುದು ಬೇಡ

ಎಎಲ್‌ಎಸ್ ಎಂಬ ನರಗಳ ಕಾಯಿಲೆ ಅಂದರೆ ಬಹಳ ಜನಕ್ಕೆ ನೆನಪಾಗುವುದು ಎರಡೇ. ಒಂದು, 2014ರಲ್ಲಿ ತಲೆ ಮೇಲೆ ಐಸ್ ನೀರು ಸುರಿದುಕೊಂಡ ವಿಡಿಯೊಗಳು. ಇನ್ನೊಂದು, ಗಾಲಿಕುರ್ಚಿಯಲ್ಲಿ ಕೂತ ಸ್ಟೀಫನ್ ಹಾಕಿಂಗ್. ಐಸ್ ನೀರಿನ ಆ ಭರಾಟೆಯಲ್ಲಿ ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್‌ಗೆ 11.5 ಕೋಟಿ ಡಾಲರ್ ಬಂತು, ಕಾಯಿಲೆಯ ಹೆಸರೂ ಊರೂರು ತಲುಪಿತು. ತಲುಪದೆ ಉಳಿದದ್ದು ಮನೆಮಂದಿಗೂ ವಾರ್ಡಿನ ನರ್ಸ್‌ಗಳಿಗೂ ದಿನಾ ಬೇಕಾಗುವ ವಿಷಯ: ಮಾತು ನಿಂತ ಮೇಲೂ ಆ ಮನುಷ್ಯನಿಗೆ ಎದುರಿಗೆ ಆಡಿದ್ದು ಕೇಳುತ್ತದೆ, ಅರ್ಥವಾಗುತ್ತದೆ, ಉತ್ತರವೂ ಇರುತ್ತದೆ. ಆ ಉತ್ತರವನ್ನು ಹೊರಗೆ ತರುವ ಸಾಧನಗಳ ವಿಮರ್ಶೆ ಇದು. ಇಬ್ಬರ ಮುಖದ ನಡುವೆ ಹಿಡಿದು ರೋಗಿಯ ಕಣ್ಣು ಎತ್ತ ಹೋಯಿತೆಂದು ನೋಡಿ ಅಕ್ಷರ ತಿಳಿಯುವ ಪಾರದರ್ಶಕ ಹಲಗೆ, ವರ್ಣಮಾಲೆಯ ಸಾಲುಗಳನ್ನು ಬಾಯಲ್ಲೇ ಹೇಳುವ, ಯಾವ ಸಾಮಾನೂ ಬೇಡದ ವರ್ಗಾಕ್ಷರ ಪದ್ಧತಿ, ಗೂಗಲ್‌ನ ಲುಕ್ ಟು ಸ್ಪೀಕ್ ಆ್ಯಪ್, ಕಣ್ಣಿನ ಚಲನೆ ಓದಲು ಲ್ಯಾಪ್‌ಟಾಪಿಗೆ ಹಾಕುವ ಐ ಟ್ರ್ಯಾಕರ್, ಈ ನಾಲ್ಕನ್ನೂ ಕನ್ನಡದಲ್ಲಿ ಮಾತಾಡುವ ಮನೆಯ ಕಣ್ಣಿನಿಂದ ನೋಡಿದ್ದೇವೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಹಲಗೆ ಮಾಡಿಸಿ, ರೆಡಿಮೇಡ್ ತರಬೇಡಿ. ವರ್ಗಾಕ್ಷರ ಪದ್ಧತಿಯನ್ನು ಮನೆಯವರೆಲ್ಲ ಕಲಿಯಿರಿ. ಆ್ಯಪ್ ಪುಕ್ಕಟೆ, ಇಟ್ಟುಕೊಳ್ಳಿ. ಟ್ರ್ಯಾಕರ್‌ಗೆ ದುಡ್ಡು ಹಾಕುವುದು ಕೊನೆಗೆ, ಅದೂ ಡೆಮೊ ನೋಡಿದ ಮೇಲೆ.

ಕಾಯಿಲೆಯ ಬಗ್ಗೆ ಎರಡು ಮಾತು. ಮೋಟಾರ್ ನ್ಯೂರಾನ್ ಕಾಯಿಲೆಗಳಲ್ಲಿ ಹೆಚ್ಚು ಕಾಣುವುದು ಎಎಲ್‌ಎಸ್. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಇಬ್ಬರಿಗೆ ಹೊಸದಾಗಿ ಬರುತ್ತದೆ. ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಕೋಶಗಳು ಸಾಯುತ್ತ ಹೋಗುತ್ತವೆ. ಕೈ, ಕಾಲು, ನಾಲಿಗೆ, ಗಂಟಲು, ಕೊನೆಗೆ ಉಸಿರಿನ ಸ್ನಾಯು. ರಿಲುಝೋಲ್ ಎಂಬ ಮಾತ್ರೆ 1995ರಿಂದ ಇದೆ, 50 ಮಿಲಿಗ್ರಾಂ ದಿನಕ್ಕೆ ಎರಡು ಸಲ. ಆಯಸ್ಸಿಗೆ ಕೆಲವು ತಿಂಗಳು ಸೇರಿಸುತ್ತದೆ, ಹೋದ ಶಕ್ತಿಯನ್ನು ವಾಪಸ್ ತರುವುದಿಲ್ಲ. ಹತ್ತು ರೋಗಿಗಳಲ್ಲಿ ಎಂಟಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ಬಾಯಿಮಾತು ಸಾಲದೆ ಹೋಗುತ್ತದೆ. ಆದರೆ ಕಣ್ಣುಗುಡ್ಡೆ ತಿರುಗಿಸುವ ಸ್ನಾಯುಗಳ ನರಕೋಶಗಳನ್ನು ಈ ಕಾಯಿಲೆ ತೀರಾ ತಡವಾಗಿ ಮುಟ್ಟುತ್ತದೆ, ಎಷ್ಟೋ ಜನರಲ್ಲಿ ಮುಟ್ಟುವುದೇ ಇಲ್ಲ. ಹಲಗೆಯ ಇಡೀ ಲೆಕ್ಕಾಚಾರ ನಿಂತಿರುವುದು ಇದರ ಮೇಲೆ.

ಹಾಕಿಂಗ್ ಚಿತ್ರದಿಂದ ಒಂದು ತಪ್ಪು ಕಲ್ಪನೆ ಹುಟ್ಟಿದೆ: ಕಂಪ್ಯೂಟರ್ ಇಲ್ಲದಿದ್ದರೆ ಮಾತಿಲ್ಲ ಅಂತ. 1985ರಲ್ಲಿ ಗಂಟಲಿಗೆ ರಂಧ್ರ ಮಾಡಿದ ಮೇಲೆ ಕೆಲ ಕಾಲ ಅವರೂ ಮಾತಾಡಿದ್ದು ಅಕ್ಷರದ ಕಾರ್ಡಿನಿಂದಲೇ. ಎದುರಿಗಿದ್ದವರು ಸರಿಯಾದ ಅಕ್ಷರದ ಮೇಲೆ ಬೆರಳಿಟ್ಟಾಗ ಹುಬ್ಬೇರಿಸುತ್ತಿದ್ದರು, ಅಷ್ಟೇ. ಕಂಪ್ಯೂಟರ್ ಬಂದದ್ದು ಆಮೇಲೆ.

ರೆಡಿಮೇಡ್ ಹಲಗೆಯ ತೊಂದರೆ

ಆನ್‌ಲೈನಿನಲ್ಲಿ ಸಿಗುವ ಹಲಗೆಗಳು ಬಹುಪಾಲು ಎ ಬಿ ಸಿ ಡಿ ಹಲಗೆಗಳು. ಇಂಗ್ಲಿಷಿಗೆ 26 ಅಕ್ಷರ, 10 ಅಂಕಿ, ಒಟ್ಟು 36. ಆರು ಗುಂಪು, ಗುಂಪಿಗೆ ಆರು, ಕರಾರುವಾಕ್ಕಾಗಿ ಕೂರುತ್ತದೆ. ಕನ್ನಡಕ್ಕೆ ಸ್ವರ 13, ಯೋಗವಾಹ 2, ವ್ಯಂಜನ 34, ಸೇರಿ 49. ಅದರ ಮೇಲೆ ಕಾಗುಣಿತ, ಒತ್ತು. ‘ಕನ್ನಡ ಹಲಗೆ’ ಎಂದು ಮಾರುವುದರಲ್ಲಿ ನಾವು ಕಂಡದ್ದು ಶಾಲೆಯ ವರ್ಣಮಾಲೆಯ ಚಾರ್ಟನ್ನೇ ಪಾರದರ್ಶಕ ಹಾಳೆಗೆ ಇಳಿಸಿದ್ದು. ಆ 49 ಅಕ್ಷರಗಳಲ್ಲಿ ಙ, ಞ, ಝ, ಋ ಎಲ್ಲಕ್ಕೂ ಸಮಪಾಲು ಜಾಗ. ಅಕ್ಷರಗಳು ಅಷ್ಟು ಒತ್ತಾದರೆ ಎದುರಿಗಿದ್ದವರಿಗೆ ರೋಗಿ ನೋಡಿದ್ದು ಡ-ವೋ ಣ-ವೋ ಗೊತ್ತಾಗುವುದಿಲ್ಲ. ಕಣ್ಣುಗುಡ್ಡೆ ಒಂದು ಕೂದಲೆಳೆ ಸರಿದದ್ದನ್ನು ಗುರುತಿಸುವಷ್ಟು ಸೂಕ್ಷ್ಮ ಯಾರಿಗೂ ಇರುವುದಿಲ್ಲ. ಇಂಥ ಹಲಗೆ ಎರಡು ದಿನ ಬಳಕೆಯಾಗಿ ಬೀರುವಿನ ಹಿಂದೆ ಸೇರುತ್ತದೆ, ಅಪರಾಧ ರೋಗಿಯ ಮೇಲೆ: ‘ಅವರಿಗೆ ಇದೆಲ್ಲ ಆಗಲ್ಲ’ ಅಂತ.

ಎಂಟು ದಿಕ್ಕಿನ ಹಲಗೆಗಳೂ ಇವೆ, ಎಂಟೆಂಟಲ 64 ಜಾಗ, 49 ಅಕ್ಷರ ಸಲೀಸಾಗಿ ಹಿಡಿಸುತ್ತದೆ. ಕಾಗದದ ಮೇಲೆ ಚೆನ್ನ. ಎಂಟು ದಿಕ್ಕನ್ನು ಬೇರೆ ಬೇರೆಯಾಗಿ ಓದುವುದು ಹೊಸಬರಿಗೆ ಕಷ್ಟ. ಮನೆಗೆ ಬಂದುಹೋಗುವ ಭಾವ, ಅತ್ತಿಗೆ, ಹೋಮ್ ನರ್ಸ್ ಯಾರೂ ಕಲಿಯುವುದಿಲ್ಲ. ಆರು ದಿಕ್ಕು ಸಾಕು.

36 ಜಾಗದಲ್ಲಿ ಕನ್ನಡ

ಮಾತಿಗೆ ಬೇಕಾದಷ್ಟನ್ನೇ ಇಟ್ಟುಕೊಂಡರೆ ಕನ್ನಡವೂ 36ರಲ್ಲಿ ಕೂರುತ್ತದೆ. ಹ್ರಸ್ವ ದೀರ್ಘಗಳಿಗೆ ಒಂದೇ ಸ್ವರ, ಉಳಿದದ್ದು ‘ದೀರ್ಘ’ ಎಂಬ ಗುರುತಿಗೆ. ಅಲ್ಪಪ್ರಾಣಗಳು ಮಾತ್ರ, ಬೇಕಾದರೆ ‘ಮಹಾಪ್ರಾಣ’ದ ಗುರುತು. ಶ, ಷ ಎರಡಕ್ಕೂ ಶ. ಹೀಗೆ ಸ್ವರ 7, ವರ್ಗೀಯ ವ್ಯಂಜನ 13, ಅವರ್ಗೀಯ 8, ಅನುಸ್ವಾರ 1, ಒಟ್ಟು 29. ಮಿಕ್ಕ ಏಳು ಜಾಗ ಗುರುತುಗಳಿಗೆ. ರೋಗಿಯ ಕಡೆಯಿಂದ ನೋಡಿದಾಗ ಗುಂಪುಗಳು ಹೀಗಿರಲಿ, ಪ್ರತಿ ಗುಂಪಲ್ಲೂ ಮೇಲೆ ಮೂರು, ಕೆಳಗೆ ಮೂರು:

ಎಡ-ಮೇಲೆ: ಅ ಇ ಉ / ಎ ಒ ಂ
ನಡು-ಮೇಲೆ: ಕ ಗ ಚ / ಜ ಐ ಔ
ಬಲ-ಮೇಲೆ: ಟ ಡ ಣ / ತ ದ ನ
ಎಡ-ಕೆಳಗೆ: ಪ ಬ ಮ / ಯ ರ ಲ
ನಡು-ಕೆಳಗೆ: ವ ಶ ಸ / ಹ ಳ ದೀರ್ಘ
ಬಲ-ಕೆಳಗೆ: ಒತ್ತು, ಮಹಾಪ್ರಾಣ, ಅಂಕಿ / ತಪ್ಪು, ಪದ ಮುಗಿಯಿತು, ಮೊದಲಿನಿಂದ

ಒಂದು ಅಕ್ಷರಕ್ಕೆ ಎರಡು ನೋಟ. ಮೊದಲ ನೋಟ ಗುಂಪಿಗೆ, ಎರಡನೆಯದು ಆ ಗುಂಪಿನೊಳಗೆ ಅಕ್ಷರ ಎಲ್ಲಿದೆಯೋ ಹಲಗೆಯ ಆ ಮೂಲೆಗೆ. ನ ಬೇಕಾದರೆ ಮೊದಲು ಬಲ-ಮೇಲೆ, ಆಮೇಲೆ ಬಲ-ಕೆಳಗೆ. ಎದುರಿಗಿದ್ದವರು ಅಕ್ಷರವನ್ನು ಓದುವುದೇ ಬೇಡ, ಆರು ದಿಕ್ಕಿನಲ್ಲಿ ಕಣ್ಣು ಎತ್ತ ಹೋಯಿತು ಅನ್ನುವುದಷ್ಟೇ ಸಾಕು.

ಒಂದು ಪದ ಪೂರ್ತಿ ನೋಡೋಣ. ಅಪ್ಪ ಮಂಚದ ಮೇಲೆ, ಮಗಳು ಹಲಗೆ ಹಿಡಿದಿದ್ದಾಳೆ. ಕಣ್ಣು ಎಡ-ಕೆಳಗೆ, ವಾಪಸ್ ಮಗಳ ಮುಖಕ್ಕೆ, ಆಮೇಲೆ ನಡು-ಮೇಲೆ. ‘ಬ?’ ಕಣ್ಣು ಮೇಲಕ್ಕೆ, ಹೌದು. ಎಡ-ಮೇಲೆ, ಎಡ-ಕೆಳಗೆ: ಎ. ‘ಬೆ ಬಂತಪ್ಪ.’ ಬಲ-ಮೇಲೆ, ಬಲ-ಕೆಳಗೆ: ನ. ‘ಬೆನ... ಬೆನ್ನಾ?’ ಹೌದು. ‘ತುರಿಕೆನಾ?’ ಕಣ್ಣು ಮುಚ್ಚಿತು, ಅಲ್ಲ. ‘ನೋವಾ?’ ಮತ್ತೆ ಅಲ್ಲ. ‘ಮಗ್ಗುಲು ಬದಲಿಸಬೇಕಾ?’ ಹೌದು. ಪೂರ್ತಿ ಬೆನ್ನು ಬರೆಸಿದ್ದರೆ ಬ, ಎ, ನ, ಒತ್ತು, ಉ ಎಂದು ಐದು ಆಯ್ಕೆ, ಹತ್ತು ನೋಟ ಆಗುತ್ತಿತ್ತು. ಆರರಲ್ಲೇ ಮುಗಿಯಿತು. ಊಹಿಸುವುದು ತಪ್ಪಲ್ಲ. ಊಹಿಸಿದ್ದನ್ನು ಕೇಳಿ ಖಾತ್ರಿ ಮಾಡಿಕೊಳ್ಳದಿರುವುದು ತಪ್ಪು.

‘ಒತ್ತು’ ಗುರುತಿಗೆ ಒಂದೇ ನಿಯಮ ಇರಲಿ: ಈಗ ಬಂದ ಅಕ್ಷರಕ್ಕೇ ಅದೇ ಅಕ್ಷರದ ಒತ್ತು. ಅಮ್ಮ ಅಂದರೆ ಅ, ಮ, ಒತ್ತು. ಸಜಾತಿ ಒತ್ತೇ ಮನೆಮಾತಿನಲ್ಲಿ ಹೆಚ್ಚು: ಹೊಟ್ಟೆ, ಕಣ್ಣು, ಬೆಕ್ಕು, ಅಕ್ಕ, ನಿದ್ದೆ. ಬೇರೆ ಅಕ್ಷರದ ಒತ್ತಿರುವ ಕಡೆ ಎರಡನ್ನೂ ಬಿಡಿಯಾಗಿ ಬರೆಯಲಿ, ಸಕೂಲು ಅಂದರೆ ಸ್ಕೂಲು ಅಂತ ಯಾರಿಗಾದರೂ ಹೊಳೆಯುತ್ತದೆ. ಇದಕ್ಕಿಂತ ಜಾಣ ನಿಯಮ ಮಾಡಲು ಹೋದರೆ ಹಲಗೆ ವ್ಯಾಕರಣದ ಪರೀಕ್ಷೆಯಾಗುತ್ತದೆ. ದೀರ್ಘವನ್ನೂ ಹಾಗೇ, ಅರ್ಥ ಕೆಡುವ ಕಡೆ ಮಾತ್ರ. ನ, ಇ, ರ ಬಂದರೆ ನೀರು ಎಂದು ಊಹಿಸಬಹುದು. ಬರೀ ನ, ರ ಬಂದರೆ ನರ, ನಾರು, ನೂರು ಎಲ್ಲ ಸಾಲಾಗಿ ನಿಲ್ಲುತ್ತವೆ. ಅದಕ್ಕೇ ಮೊದಲ ಅಕ್ಷರದ ಸ್ವರವನ್ನು ಬಿಡಬೇಡಿ, ಕೊನೆಯದನ್ನು ಬಿಡಬಹುದು.

‘ಅಂಕಿ’ ಬಂದರೆ ಎದುರಿಗಿದ್ದವರು ಸೊನ್ನೆಯಿಂದ ಒಂಬತ್ತರವರೆಗೆ ಬಾಯಲ್ಲಿ ಎಣಿಸಲಿ, ಹೌದು ಬಂದಲ್ಲಿ ನಿಲ್ಲಲಿ. ಮಾತ್ರೆಯ ಹೊತ್ತು, ಫೋನ್ ನಂಬರ್, ಬ್ಯಾಂಕಿನ ವಿಷಯ ಇದರಲ್ಲೇ ಆಗುತ್ತದೆ.

ಈ ಜೋಡಣೆಯ ಒಂದು ಕೊರತೆಯನ್ನೂ ಹೇಳಬೇಕು. ಅ, ಗ, ಣ, ಯ, ಳ ಈ ಐದಕ್ಕೆ ಎರಡು ನೋಟವೂ ಒಂದೇ ಮೂಲೆಗೆ ಬೀಳುತ್ತದೆ. ‘ಮೊದಲಿನಿಂದ’ ಗುರುತಿಗೂ ಹಾಗೇ. ನಡುವೆ ಕಣ್ಣು ಎದುರಿನವರ ಮುಖಕ್ಕೆ ಬಂದು ಹೋಗದಿದ್ದರೆ ಅದು ಎರಡು ನೋಟವೋ ಒಂದು ದೀರ್ಘ ನೋಟವೋ ಗೊತ್ತಾಗದು. ಪ್ರತಿ ನೋಟದ ನಂತರ ಹಲಗೆಯ ನಡುವೆ ಕೊರೆದ ಕಿಂಡಿಗೆ ವಾಪಸ್ ಬರುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಸಿ.

ಮಾಡಿಸುವ ಬಗೆ

ನೇಮ್‌ಬೋರ್ಡ್ ಮಾಡುವವರ ಹತ್ತಿರ 3 ಮಿಲಿಮೀಟರ್ ದಪ್ಪದ ಪಾರದರ್ಶಕ ಅಕ್ರಿಲಿಕ್ ಶೀಟನ್ನು ಎ3 ಅಳತೆಗೆ, ಅಂದರೆ 42 × 29.7 ಸೆಂಟಿಮೀಟರಿಗೆ ಕತ್ತರಿಸಿಕೊಳ್ಳಿ. ತೂಕ 450 ಗ್ರಾಂ ಆಸುಪಾಸು. 5 ಮಿಲಿಮೀಟರ್ ಒಳ್ಳೆಯದು ಎಂದು ಅಂಗಡಿಯವರು ಹೇಳುತ್ತಾರೆ, ಬೇಡ, ಕೈ ಸೋತು ಹಲಗೆ ಓಲಾಡುತ್ತದೆ. 2 ಮಿಲಿಮೀಟರ್ ಬಾಗುತ್ತದೆ. ನಡುವೆ 15 × 10 ಸೆಂಟಿಮೀಟರ್ ಕಿಂಡಿ ಕೊರೆಸಿ, ಮೂಲೆಗಳನ್ನು ದುಂಡಗೆ ಮಾಡಿಸಿ. ಕಿಂಡಿ ಇಲ್ಲದ ಹಲಗೆಯಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ಸರಿಯಾಗಿ ಕಣ್ಣಿನ ಮೇಲೇ ಕೂರುತ್ತದೆ.

ಅಕ್ಷರಕ್ಕೆ ರೇಡಿಯಂ ಕಟಿಂಗ್ ಅಂಗಡಿ. ನಂಬರ್ ಪ್ಲೇಟಿಗೆ ಹಾಕುವ ಹೊಳೆಯುವ ರೇಡಿಯಂ ಕೇಳಬೇಡಿ, ಹೊಳಪಿಲ್ಲದ ಮ್ಯಾಟ್ ಸ್ಟಿಕ್ಕರ್ ಅನ್ನಿ, ಬಣ್ಣ ಕಪ್ಪು ಅಥವಾ ಕಡು ನೀಲಿ. ಎತ್ತರ 20 ಮಿಲಿಮೀಟರಿಗೆ ಕಮ್ಮಿ ಬೇಡ. ಅಕ್ಷರ ನೋಟೊ ಸಾನ್ಸ್ ಕನ್ನಡದಂಥ ದಪ್ಪ, ಸರಳ ಶೈಲಿಯಲ್ಲಿರಲಿ. ಆಮಂತ್ರಣ ಪತ್ರಿಕೆಯ ಬಳುಕುವ ಅಕ್ಷರದಲ್ಲಿ ಪ, ವ ಒಂದೇ ಥರ ಕಾಣುತ್ತವೆ. ಮೇಲಿನ ಜೋಡಣೆಯಲ್ಲಿ ಅವೆರಡನ್ನೂ ಬೇರೆ ಬೇರೆ ಗುಂಪಿಗೆ ಹಾಕಿರುವುದೂ ಅದಕ್ಕೇ.

ಹಿಡಿದವರ ಕಡೆಯಿಂದ ಕನ್ನಡಿ ಅಕ್ಷರ ಕಾಣುತ್ತದೆ, ಓದಲಾಗದು. ಹಾಗಾಗಿ ಹಿಂಬದಿಗೂ ಒಂದು ಸೆಟ್ ಅಂಟಿಸಬೇಕು. ಅಂಗಡಿಯಲ್ಲಿ ಕೆಲಸ ಕೆಡುವುದು ಇಲ್ಲೇ. ಅವರು ಅದೇ ಫೈಲನ್ನು ಇನ್ನೊಂದು ಸಲ ಹೊಡೆದು ಹಿಂದೆ ಅಂಟಿಸಿಬಿಡುತ್ತಾರೆ. ಆಗ ರೋಗಿಯ ಅ ಇರುವ ಜಾಗದ ಬೆನ್ನಿಗೆ ಬಲ-ಮೇಲಿನ ಗುಂಪು ಬರುತ್ತದೆ, ಇಬ್ಬರೂ ಬೇರೆ ಬೇರೆ ಹಲಗೆ ಓದುತ್ತಿರುತ್ತಾರೆ. ಪ್ರತಿ ಅಕ್ಷರದ ಬೆನ್ನಿಗೆ ಅದೇ ಅಕ್ಷರ ಬರಬೇಕು, ಗುಂಪಿನ ಒಳಗೂ. ಬೆರಳು ಮತ್ತು ಹೆಬ್ಬೆರಳಿನ ನಡುವೆ ಒಂದೊಂದೇ ಅಕ್ಷರ ಹಿಡಿದು ಎರಡೂ ಬದಿ ನೋಡಿ, ಆಮೇಲೆ ದುಡ್ಡು ಕೊಡಿ.

ದರ ಊರಿಂದ ಊರಿಗೆ ಬೇರೆ, ಆದರೆ ಉಸಿರಾಟಕ್ಕೆ ನೆರವಾಗುವ ಬಿಪ್ಯಾಪ್ ಯಂತ್ರದ ಒಂದು ಒಳ್ಳೆಯ ಮಾಸ್ಕಿಗಿಂತ ಕಮ್ಮಿಯಲ್ಲೇ ಮುಗಿಯುತ್ತದೆ. ಇವತ್ತೇ ಬೇಕು ಅನ್ನುವವರು ಓಎಚ್‌ಪಿ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಪರ್ಮನೆಂಟ್ ಮಾರ್ಕರಿನಿಂದ ಬರೆದು ರಟ್ಟಿನ ಚೌಕಟ್ಟಿಗೆ ಅಂಟಿಸಿದರೂ ಕೆಲಸ ಆಗುತ್ತದೆ. ಐಸಿಯುಗೆ ಒಯ್ಯಲು ಇದೇ ವಾಸಿ, ಕಳೆದುಹೋದರೆ ಚಿಂತೆಯಿಲ್ಲ.

ಬಳಕೆಯಲ್ಲಿ ಎಲ್ಲಿ ತಪ್ಪುತ್ತದೆ

ಹಲಗೆ ಮುಖದಿಂದ 45ರಿಂದ 60 ಸೆಂಟಿಮೀಟರ್ ದೂರ, ಕಿಂಡಿ ಮೂಗಿನ ಮಟ್ಟದಲ್ಲಿ. ರೋಗಿಯ ತಲೆ ನೆಟ್ಟಗಿರಬೇಕು. ದಿಂಬಿನ ಮೇಲೆ ಒಂದು ಕಡೆ ವಾಲಿದ್ದರೆ ಹಲಗೆಯನ್ನೂ ಅಷ್ಟೇ ವಾಲಿಸಿ ಹಿಡಿಯಿರಿ, ಇಲ್ಲದಿದ್ದರೆ ಎಡ-ಮೇಲೆ ಅನ್ನುವುದು ನಡು-ಮೇಲೆ ಆಗುತ್ತದೆ. ಬೆಳಕು ರೋಗಿಯ ಮುಖದ ಮೇಲೆ ಬೀಳಲಿ. ಕಿಟಕಿಗೆ ಬೆನ್ನು ಹಾಕಿ ಮಲಗಿದವರ ಕಣ್ಣು ಕಪ್ಪು ಗುಳಿಯಂತೆ ಕಾಣುತ್ತದೆ, ಓದಲಾಗದು.

ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕ ಇದ್ದರೆ ಮೇಲಿನ ಗುಂಪುಗಳು ದೂರದ ಗಾಜಿಗೂ ಕೆಳಗಿನವು ಹತ್ತಿರದ ಗಾಜಿಗೂ ಸಿಕ್ಕಿ ಒಂದು ಸಾಲು ಮಂಜಾಗುತ್ತದೆ. ಅರ್ಧ ಮೀಟರ್ ದೂರಕ್ಕೆ ಒಂದೇ ಪವರಿನ ಕನ್ನಡಕ ಮಾಡಿಸಿ. ‘ಅವರಿಗೆ ಕೆಳಗಿನ ಸಾಲು ಬರುತ್ತಿಲ್ಲ’ ಎಂಬ ದೂರು ಬಂದಾಗ ಮೊದಲು ನೋಡಬೇಕಾದ್ದು ಕನ್ನಡಕವನ್ನು. ಎರಡನೆಯದು ಬಿಪ್ಯಾಪ್ ಮಾಸ್ಕ್. ಪೂರ್ತಿ ಮುಖದ ಮಾಸ್ಕಿನ ಚೌಕಟ್ಟು ಕೆಳನೋಟವನ್ನು ಮರೆಮಾಡುತ್ತದೆ, ಅದರ ಅಂಚಿನಿಂದ ಸೋರುವ ಗಾಳಿ ಕಣ್ಣನ್ನು ಒಣಗಿಸುತ್ತದೆ. ಕಣ್ಣು ಮಿಟುಕಿಸುವುದು ಕಮ್ಮಿಯಾಗಿದ್ದರೆ ಒಣಗುವುದು ಇನ್ನೂ ಹೆಚ್ಚು. ಕಣ್ಣಿಗೆ ಯಾವ ಡ್ರಾಪ್ಸ್ ಎಷ್ಟು ಸಲ ಎಂದು ಡಾಕ್ಟರನ್ನು ಕೇಳಿ. ಉರಿಯುವ ಕಣ್ಣಿನಿಂದ ಯಾರೂ ವಾಕ್ಯ ಬರೆಯಲಾರರು.

ಹೌದು, ಅಲ್ಲ ಇವುಗಳ ಗುರುತು ಹಲಗೆಗಿಂತ ಮೊದಲು ಗಟ್ಟಿಯಾಗಬೇಕು. ಕಣ್ಣು ಮೇಲಕ್ಕೆ ಅಂದರೆ ಹೌದು, ಎರಡು ಸೆಕೆಂಡ್ ಮುಚ್ಚಿದರೆ ಅಲ್ಲ, ಇದು ಬಹಳ ಜನಕ್ಕೆ ಒಗ್ಗುತ್ತದೆ. ಒಂದು ಮಿಟುಕು, ಎರಡು ಮಿಟುಕು ಎಂಬ ಸಿನಿಮಾ ಪದ್ಧತಿ ಬೇಡ, ಕಣ್ಣು ತಾನಾಗಿಯೂ ಮಿಟುಕುತ್ತದೆ. ಕತ್ತಿನ ಶಕ್ತಿ ಉಳಿದಿದ್ದರೂ ತಲೆಯಾಡಿಸುವುದನ್ನು ನಂಬಬೇಡಿ. ನಮ್ಮ ಕಡೆ ತಲೆ ಆಡಿಸುವುದು ಹೌದೋ ಅಲ್ಲವೋ ನೋಡೋಣವೋ ಎಂಬುದು ಗಟ್ಟಿ ಕತ್ತಿನವರಲ್ಲೇ ತಿಳಿಯುವುದಿಲ್ಲ. ಈ ಗುರುತುಗಳನ್ನು ದೊಡ್ಡಕ್ಷರದಲ್ಲಿ ಬರೆದು ಮಂಚದ ತಲೆಯ ಕಡೆ ಸೆಲ್ಲೊಟೇಪಿನಲ್ಲಿ ಅಂಟಿಸಿ. ಆಸ್ಪತ್ರೆಗೆ ಸೇರಿಸಿದಾಗ ಅದರ ಒಂದು ಪ್ರತಿ ಕೇಸ್ ಶೀಟಿನ ಜೊತೆ ಇರಲಿ, ‘ಇವರಿಗೆ ಕೇಳುತ್ತದೆ, ಅರ್ಥವಾಗುತ್ತದೆ’ ಎಂಬ ಸಾಲಿನ ಸಮೇತ. ಶಿಫ್ಟ್ ಬದಲಾದ ಕೂಡಲೇ ಹಿಂದಿನವರು ತಿಳಿದುಕೊಂಡದ್ದು ಹೋಗುತ್ತದೆ, ಕಾಗದ ಉಳಿಯುತ್ತದೆ.

‘ನೀರು ಬೇಕಾ, ಕಾಫಿ ಬೇಕಾ?’ ಎಂದು ಒಟ್ಟಿಗೆ ಕೇಳಿದರೆ ಹೌದು ಅನ್ನುವುದಕ್ಕೆ ಅರ್ಥವೇ ಇಲ್ಲ. ಒಂದು ಪ್ರಶ್ನೆ, ಒಂದು ಉತ್ತರ. ಇನ್ನೊಂದು ವಿಷಯ ನೆಂಟರಿಷ್ಟರಿಗೆ ಹೇಳಿಡಬೇಕು: ಈ ಕಾಯಿಲೆಯಲ್ಲಿ ಕೆಲವರಿಗೆ ಕಾರಣವಿಲ್ಲದೆ ನಗು ಅಥವಾ ಅಳು ಉಕ್ಕಿಬರುತ್ತದೆ. ಮಿದುಳಿನ ಹಿಡಿತ ಸಡಿಲವಾಗಿ ಆಗುವುದು ಅದು, ಮನಸ್ಸಿನ ಉತ್ತರವಲ್ಲ. ಸಾವಿನ ಸುದ್ದಿ ಕೇಳಿ ನಕ್ಕರು ಎಂದು ಮುನಿಸಿಕೊಂಡವರು ಇದ್ದಾರೆ. ಅದು ತಣಿಯುವವರೆಗೆ ಕಾದು, ಆಮೇಲೆ ಹಲಗೆ ಎತ್ತಿ. ಇದಕ್ಕೆ ಔಷಧವೂ ಇದೆ, ನರರೋಗ ತಜ್ಞರಲ್ಲಿ ಹೇಳಿ.

ಹಲಗೆ ಬರದಿದ್ದಾಗ ಸೋಮಾರಿತನ ಎಂದುಕೊಳ್ಳುವುದು ಇನ್ನೊಂದು ಅನ್ಯಾಯ. ಎಎಲ್‌ಎಸ್ ಇರುವವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನರಲ್ಲಿ ಯೋಚನೆ ಅಥವಾ ವರ್ತನೆಯಲ್ಲಿ ಒಂದಿಷ್ಟು ಬದಲಾವಣೆ ಇರುತ್ತದೆ, ಕೆಲವರಲ್ಲಿ ಅದು ಮರೆವಿನ ಕಾಯಿಲೆಯ ಮಟ್ಟ ಮುಟ್ಟುತ್ತದೆ. ಅಂಥವರಿಗೆ ಅಕ್ಷರ ಜೋಡಿಸುವುದು ಭಾರ. ಆರು ಚಿತ್ರಗಳ ಹಲಗೆ, ಒಂದೇ ನೋಟ, ಅಷ್ಟು ಮಾಡಿ. ಓದುಬರಹ ಕಲಿಯದ ಹಿರಿಯರಿಗೂ ಅದೇ.

ಸಾಮಾನಿಲ್ಲದ ಪದ್ಧತಿ: ಹತ್ತಕ್ಕೆ ಒಂಬತ್ತು

ವರ್ಗಾಕ್ಷರ ಓದುವುದಕ್ಕೆ ದಮ್ಮಡಿ ಖರ್ಚಿಲ್ಲ. ಎದುರಿಗಿದ್ದವರು ‘ಸ್ವರ, ಕ ಸಾಲು, ಚ ಸಾಲು, ಟ ಸಾಲು, ತ ಸಾಲು, ಪ ಸಾಲು, ಯ ಸಾಲು’ ಎಂದು ನಿಧಾನಕ್ಕೆ ಹೇಳುತ್ತಾರೆ. ಬೇಕಾದ ಸಾಲು ಬಂದಾಗ ರೋಗಿ ಹೌದು ಅನ್ನುತ್ತಾರೆ. ಆಮೇಲೆ ಆ ಸಾಲಿನ ಅಕ್ಷರಗಳು. ನ ಬೇಕಾದರೆ ಐದು ಸಾಲು ಹೇಳಿ, ತ, ದ, ನ, ಒಟ್ಟು ಎಂಟು ಕರೆ. ಇಂಗ್ಲಿಷಿನಲ್ಲಿ ಇದಕ್ಕೆಂದೇ ಅಕ್ಷರಗಳನ್ನು ಸಾಲು ಮಾಡಿ ಚಾರ್ಟ್ ಉರುಹೊಡೆಯಬೇಕು. ಕನ್ನಡದ ವರ್ಣಮಾಲೆ ಬಾಯಲ್ಲಿ ದನಿ ಹೊರಡುವ ಜಾಗದ ಪ್ರಕಾರ ಮೊದಲೇ ಸಾಲಾಗಿ ಕೂತಿದೆ, ಒಂದನೇ ಕ್ಲಾಸು ಓದಿದ ಎಲ್ಲರಿಗೂ ಬಾಯಿಪಾಠ. ಕರೆಂಟ್ ಹೋದಾಗ, ರಾತ್ರಿ ಎರಡು ಗಂಟೆಗೆ, ಆಂಬುಲೆನ್ಸಿನಲ್ಲಿ ಕೆಲಸಕ್ಕೆ ಬರುವುದು ಇದೇ. ಒಂದಂಕ ಕಡಿತ ಏಕೆಂದರೆ ಅವಸರದವರು ಸಾಲುಗಳನ್ನು ಗಡಗಡ ಓದಿಬಿಡುತ್ತಾರೆ, ರೋಗಿಯ ಕಣ್ಣು ಎದ್ದಾಗ ಅವರು ಎರಡು ಸಾಲು ಮುಂದಿರುತ್ತಾರೆ. ಒಂದು ಸಾಲು, ಒಂದು ಉಸಿರು, ಆಮೇಲೆ ಮುಂದಿನದು.

ಲುಕ್ ಟು ಸ್ಪೀಕ್

ಗೂಗಲ್ 2020ರ ಡಿಸೆಂಬರಿನಲ್ಲಿ ಬಿಟ್ಟ ಆಂಡ್ರಾಯ್ಡ್ ಆ್ಯಪ್, ಪುಕ್ಕಟೆ. ಮುಂಬದಿ ಕ್ಯಾಮೆರಾ ಕಣ್ಣನ್ನು ನೋಡುತ್ತದೆ. ವಾಕ್ಯಗಳ ಪಟ್ಟಿ ಎಡ ಬಲ ಎಂದು ಎರಡು ಭಾಗ. ನಮಗೆ ಬೇಕಾದ ವಾಕ್ಯ ಇರುವ ಕಡೆ ನೋಡಿದರೆ ಅದು ಮತ್ತೆ ಅರ್ಧವಾಗುತ್ತದೆ. 16 ವಾಕ್ಯ ಇದ್ದರೆ ನಾಲ್ಕನೇ ನೋಟಕ್ಕೆ ಒಂದೇ ಉಳಿದು ಫೋನ್ ಅದನ್ನು ಗಟ್ಟಿಯಾಗಿ ಹೇಳುತ್ತದೆ. ಮೇಲೆ ನೋಡಿದರೆ ರದ್ದು. 2024ರಲ್ಲಿ ಪದಗಳ ಬದಲು ಚಿತ್ರ, ಇಮೋಜಿ ಇಡುವ ಸೌಲಭ್ಯವೂ ಬಂತು.

ಹೊಸ ಪದ ಬರೆಯುವುದಕ್ಕೆ ಇದು ಆಗುವುದಿಲ್ಲ, ಮೊದಲೇ ಹಾಕಿಟ್ಟ ಮಾತಿಗೆ ಮಾತ್ರ. ಅದಕ್ಕೇ ಆ 16 ವಾಕ್ಯಗಳನ್ನು ಆರಿಸುವುದರಲ್ಲಿ ಗೆಲುವು ಸೋಲು ಇದೆ. ‘ನಮಸ್ಕಾರ’, ‘ಧನ್ಯವಾದ’ ಹಾಕಿ ಜಾಗ ಹಾಳು ಮಾಡಬೇಡಿ. ‘ಕಫ ತೆಗಿ’, ‘ಮಾಸ್ಕ್ ಸರಿ ಮಾಡು’, ‘ಎಡ ಮಗ್ಗುಲು’, ‘ಫ್ಯಾನ್ ಕಮ್ಮಿ ಮಾಡು’, ‘ಹಲಗೆ ತಾ’, ‘ಬಾಗಿಲು ಹಾಕು, ಅವರು ಹೋಗಲಿ’ ಇಂಥವು ಇರಲಿ. ಕನ್ನಡ ವಾಕ್ಯ ಹಾಕುವ ಮೊದಲು ಫೋನಿನ ಸೆಟ್ಟಿಂಗಿನಲ್ಲಿ ಪಠ್ಯದಿಂದ ಧ್ವನಿಗೆ ಕನ್ನಡದ ಧ್ವನಿ ಇಳಿಸಿಕೊಂಡು, ಒಂದೊಂದು ವಾಕ್ಯವನ್ನೂ ಆ್ಯಪಿನ ಒಳಗೇ ಕೇಳಿಸಿಕೊಳ್ಳಿ. ಫೋನಿಂದ ಫೋನಿಗೆ ಇದು ಬೇರೆ. ಕೈಯಲ್ಲಿ ಹಿಡಿದರೆ ಕೆಲಸ ಮಾಡದು, ಅಲುಗದ ಸ್ಟ್ಯಾಂಡ್ ಬೇಕೇ ಬೇಕು. ನಮ್ಮ ಅಂಕ ಹತ್ತಕ್ಕೆ ಆರು.

ಐ ಟ್ರ್ಯಾಕರ್

ಇಲ್ಲಿ ಎರಡು ದಾರಿ. ಇದಕ್ಕೆಂದೇ ಮಾಡಿದ ಪೂರ್ಣ ಯಂತ್ರಗಳು, ಬೆಲೆ ಲಕ್ಷಗಳಲ್ಲಿ. ಇಲ್ಲವೇ ಗೇಮ್ ಆಡುವವರಿಗೆಂದು ಮಾರುವ ಟೋಬಿ ಐ ಟ್ರ್ಯಾಕರ್ 5ರಂಥ ಪಟ್ಟಿಯನ್ನು ಲ್ಯಾಪ್‌ಟಾಪಿನ ಪರದೆಯ ಕೆಳ ಅಂಚಿಗೆ ಅಂಟಿಸಿ, 2015ರಿಂದ ಪುಕ್ಕಟೆ ಸಿಗುವ ಆಪ್ಟಿಕೀ ತಂತ್ರಾಂಶ ಅಥವಾ 2017ರಲ್ಲಿ ವಿಂಡೋಸ್ 10ಕ್ಕೆ ಸೇರಿದ ಐ ಕಂಟ್ರೋಲ್ ಬಳಸುವುದು. ಎಎಲ್‌ಎಸ್ ಇರುವ, ಅಮೆರಿಕನ್ ಫುಟ್‌ಬಾಲಿನ ಮಾಜಿ ಆಟಗಾರ ಸ್ಟೀವ್ ಗ್ಲೀಸನ್ ಬೇಡಿಕೆಯಿಂದ ಮೈಕ್ರೋಸಾಫ್ಟ್ ಒಳಗೆ ಶುರುವಾದ ಕೆಲಸದ ಫಲ ಈ ಐ ಕಂಟ್ರೋಲ್.

ಪತ್ರ, ವಾಟ್ಸ್‌ಆ್ಯಪ್, ಕೆಲಸ ಮುಂದುವರಿಸುವವರಿಗೆ ಇದರಷ್ಟು ಸ್ವಾತಂತ್ರ್ಯ ಕೊಡುವುದು ಬೇರೆ ಇಲ್ಲ, ಎದುರಿಗೆ ಯಾರೂ ಕೂರಬೇಕಿಲ್ಲ. ಆದರೆ ಕನ್ನಡ ಬರೆಯುವುದು ಎಷ್ಟು ಸುಲಭ ಅನ್ನುವುದನ್ನು ಕೊಳ್ಳುವ ಮೊದಲೇ ಕೂತು ನೋಡಿ. ಕೀಲಿಯ ಮೇಲೆ ಕಣ್ಣು ನಿಲ್ಲಿಸುವುದೇ ಒತ್ತಿದ ಹಾಗೆ. ನುಡಿ ಕೀಲಿಮಣೆಯಲ್ಲಿ ಬೆನ್ನು ಎಂದರೆ ಬ, ಎ, ನ, ಒತ್ತಿನ ಕೀಲಿ, ನ, ಉ ಹೀಗೆ ಆರು ಕೀಲಿ. ದೀರ್ಘ ಬಂದರೆ ಶಿಫ್ಟ್ ಇನ್ನೊಂದು. ಪದ ಸೂಚಿಸುವ ಸೌಲಭ್ಯ ಕನ್ನಡಕ್ಕೆ ಇಲ್ಲದಿದ್ದರೆ ಕಣ್ಣು ಬೇಗ ದಣಿಯುತ್ತದೆ.

ಈ ಯಂತ್ರಗಳು ಕಣ್ಣಿಗೆ ಕಾಣದ ಅವಗೆಂಪು ಬೆಳಕು ಬಿಟ್ಟು ಅದರ ಪ್ರತಿಫಲನ ಓದುತ್ತವೆ. ಕಿಟಕಿಯ ಬಿಸಿಲು, ಕನ್ನಡಕದ ಹೊಳಪು, ಜೋತುಬಿದ್ದ ರೆಪ್ಪೆ, ಮಾಸ್ಕಿನ ಅಂಚು ನಾಲ್ಕೂ ಇದರ ಶತ್ರುಗಳು. ಮಂಚದ ಬೆನ್ನು ಎತ್ತಿ ಇಳಿಸಿದಾಗೆಲ್ಲ ಹೊಸದಾಗಿ ಕಣ್ಣಿಗೆ ಹೊಂದಿಸಬೇಕು, ಅಷ್ಟು ಮಾಡುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು. ಡೆಮೊವನ್ನು ಅಂಗಡಿಯ ಕುರ್ಚಿಯಲ್ಲಿ ನೋಡಬೇಡಿ. ಮನೆಗೆ ಕರೆಸಿ, ಅದೇ ಮಂಚ, ಅದೇ ಮಾಸ್ಕ್, ಅದೇ ಕನ್ನಡಕದಲ್ಲಿ ನೋಡಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ಅಲ್ಲಿಗೇ ಬಿಡಿ.

ಯಾರಿಗೆ ಹಲಗೆ ಆಗುವುದಿಲ್ಲ

ಕಾಯಿಲೆಯ ಹೆಸರು ಸರಿಯಾಗಿ ತಿಳಿದಿರುವುದು ಕೊಳ್ಳುವವರಿಗೆ ಮುಖ್ಯವಾಗುವುದು ಇಲ್ಲಿ. ಪಾರ್ಕಿನ್ಸನ್ ಎಂದು ಮೊದಮೊದಲು ತಪ್ಪು ತಿಳಿಯುವ ಪಿಎಸ್‌ಪಿ ಎಂಬ ಕಾಯಿಲೆ ಇದೆ, 1964ರಲ್ಲಿ ಕೆನಡಾದ ವೈದ್ಯರು ವಿವರಿಸಿದ್ದು. ಅದರಲ್ಲಿ ಕೆಡುವುದೇ ಕಣ್ಣಿನ ಮೇಲೆ-ಕೆಳಗಿನ ಚಲನೆ. ಮೇಲೆ ಮೂರು ಕೆಳಗೆ ಮೂರು ಗುಂಪಿನ ಹಲಗೆ ಅವರಿಗೆ ನಿರುಪಯೋಗಿ, ಕಣ್ಣು ಮೇಲಕ್ಕೆ ಅಂದರೆ ಹೌದು ಎಂಬ ಗುರುತೂ ನಡೆಯುವುದಿಲ್ಲ. ಹೆಬ್ಬೆರಳು ಎತ್ತುವ ಗುರುತು ಇಟ್ಟುಕೊಂಡು ವರ್ಗಾಕ್ಷರ ಓದಿ. ನಡಿಗೆ, ಮಾತಿನ ಹೊಂದಾಣಿಕೆ ಕೆಡಿಸುವ, ವಂಶದಲ್ಲಿ ಬರುವ ಅಟಾಕ್ಸಿಯಾ ಕಾಯಿಲೆಗಳಲ್ಲಿ ಎಸ್‌ಸಿಎ 2 ಎಂಬ ವಿಧದವರ ಕಣ್ಣು ತೀರಾ ನಿಧಾನಕ್ಕೆ ಸರಿಯುತ್ತದೆ, ಬೇರೆ ಕೆಲವು ವಿಧಗಳಲ್ಲಿ ಕಣ್ಣುಗುಡ್ಡೆ ಅದುರುತ್ತದೆ. ಟ್ರ್ಯಾಕರ್ ಇವರಿಗೆ ದುಡ್ಡು ದಂಡ.

ಮದ್ರಾಸ್ ಮೋಟಾರ್ ನ್ಯೂರಾನ್ ಕಾಯಿಲೆಯ ಮಾತೇ ಬೇರೆ. 1970ರಲ್ಲಿ ಮದ್ರಾಸಿನ ವೈದ್ಯರು ಮೊದಲು ವಿವರಿಸಿದ್ದು, ಹೆಚ್ಚಾಗಿ ಕಂಡದ್ದು ದಕ್ಷಿಣ ಭಾರತದಲ್ಲೇ. ಎಳೆ ವಯಸ್ಸಿನಲ್ಲಿ ಶುರುವಾಗಿ ನಿಧಾನಕ್ಕೆ ಏರುತ್ತದೆ. ಕೈಕಾಲಿನ ಜೊತೆ ಮುಖದ ಸ್ನಾಯು ಸೋಲುತ್ತದೆ, ಎಷ್ಟೋ ಜನರಲ್ಲಿ ಕಿವಿಯೂ ಹೋಗುತ್ತದೆ. ಬಾಯಲ್ಲಿ ಓದುವ ವರ್ಗಾಕ್ಷರ ಅವರಿಗೆ ಕೇಳಿಸುವುದೇ ಇಲ್ಲ. ಸಾಲುಗಳನ್ನು ಬರೆದು ಬೆರಳಿಟ್ಟು ತೋರಿಸಬೇಕು. ಮುಖ ಸೋತು ರೆಪ್ಪೆ ಪೂರ್ತಿ ಮುಚ್ಚದಿದ್ದರೆ ‘ಕಣ್ಣು ಮುಚ್ಚಿದರೆ ಅಲ್ಲ’ ಎಂಬುದನ್ನೂ ಬಿಟ್ಟು, ಬಲಕ್ಕೆ ನೋಡಿದರೆ ಅಲ್ಲ ಎಂದು ಮಾಡಿಕೊಳ್ಳಿ. ಆರು ಗುಂಪಿನ ಹಲಗೆ ಇವರಿಗೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗುತ್ತದೆ.

ಯಾವಾಗ ಕೊಳ್ಳಬೇಕು

ಮಾತು ಇನ್ನೂ ಇರುವಾಗ. ಇಂಗ್ಲಿಷ್ ಭಾಷಿಕರಲ್ಲಿ ಓದುವ ವೇಗ ನಿಮಿಷಕ್ಕೆ 125 ಪದಕ್ಕೆ ಇಳಿದರೆ ಬದಲಿ ದಾರಿ ಹುಡುಕುವ ಹೊತ್ತು ಎಂಬ ಲೆಕ್ಕ ಇದೆ, ಅಲ್ಲಿಂದ ಮುಂದೆ ಮಾತು ಬೇಗ ಕೆಡುತ್ತದೆ. ಕನ್ನಡದ ಪದ ಉದ್ದ, ಆ ಅಂಕಿಯನ್ನು ಹಾಗೇ ತರಬೇಡಿ. ಅದೇ ಪ್ಯಾರಾವನ್ನು ತಿಂಗಳಿಗೊಮ್ಮೆ ಓದಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಹೊತ್ತು ಬೆಳೆಯುತ್ತಿದೆಯೇ ನೋಡಿ. ಆ ಹೊತ್ತಿಗೇ ಅವರ ಸ್ವಂತ ದನಿಯಲ್ಲಿ ಮನೆಮಾತುಗಳನ್ನೂ ಹಿಡಿದಿಡಿ: ಮಕ್ಕಳನ್ನು ಕರೆಯುವ ರೀತಿ, ಬೈಗುಳ, ‘ಸಾಕು ಮಾರಾಯ’. ಆಮೇಲೆ ಸ್ಟುಡಿಯೊಗೆ ಹೋದರೂ ಸಿಗುವುದಿಲ್ಲ. ಹಲಗೆಯನ್ನು ಮನೆಯಲ್ಲಿ ಕನಿಷ್ಠ ಇಬ್ಬರು ಕಲಿಯಲಿ, ಒಬ್ಬರೇ ಕಲಿತರೆ ಅವರಿಗೆ ಜ್ವರ ಬಂದ ದಿನ ರೋಗಿ ಮೂಕ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ವಾಕ್ ಚಿಕಿತ್ಸಕರಿದ್ದಾರೆ. ಹೋಗುವಾಗ ಮಾಡಿಸಿದ ಹಲಗೆ, ಕನ್ನಡಕ, ಮಾಸ್ಕ್ ಮೂರನ್ನೂ ಒಯ್ಯಿರಿ.

ಇನ್ನು ಹಲಗೆಯ ಆರೈಕೆ. ಅಕ್ರಿಲಿಕ್ಕನ್ನು ಸ್ಯಾನಿಟೈಸರ್, ಸ್ಪಿರಿಟ್ ಹಾಕಿ ಒರೆಸಬೇಡಿ, ಆಲ್ಕೋಹಾಲ್ ತಾಗಿದ ಕಡೆ, ಮುಖ್ಯವಾಗಿ ಕಿಂಡಿ ಕೊರೆದ ಅಂಚಿನಲ್ಲಿ, ಕೂದಲಿನಂಥ ಬಿರುಕು ಬಿಟ್ಟು ಮಬ್ಬಾಗುತ್ತದೆ. ಆಸ್ಪತ್ರೆಯಿಂದ ಬಂದ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿದ ನೀರಿನಲ್ಲಿ ಹತ್ತಿ ಬಟ್ಟೆ ಅದ್ದಿ ಒರೆಸಿ. ಸ್ಟಿಕ್ಕರ್ ಅಂಚು ಎದ್ದ ಅಕ್ಷರವನ್ನು ಕಿತ್ತು ಹೊಸದು ಅಂಟಿಸುವಾಗ ಹಿಂಬದಿಯದನ್ನೂ ಬದಲಿಸಿ. ರೇಡಿಯಂ ಅಂಗಡಿಯವರ ಹತ್ತಿರ ಮೊದಲ ದಿನವೇ ಇನ್ನೊಂದು ಸೆಟ್ ಕೊಯ್ಯಿಸಿ ಇಟ್ಟುಕೊಂಡಿದ್ದರೆ ಮತ್ತೆ ಹೋಗುವ ಕೆಲಸವಿಲ್ಲ.